ಓಮ್ನಿ ನೀರು ಕುಡೀತಿದೆ

ಸುಳ್ಯದಿಂದ ಮಡಿಕೇರಿ ಕಡೆಗೆ ಸಂಪಾಜೆ ಘಾಟಿ ಹತ್ತುವಾಗ ಮಾರುತಿ ಓಮ್ನಿಯ ಸೀಟಿನಡಿಯಿಂದ ಸಿಹಿ ಸಿಹಿ ವಾಸನೆ ಬಂದರೆ ಅದು ಹಿಂದೆ ಹೇರಿದ ಬಾಳೆಗೊನೆಯದ್ದಲ್ಲ, ಇಂಜಿನ್ ತಂಪಾಗಿಡುವ ಕೂಲೆಂಟ್‌ನದ್ದು. ಈ ಗಾಡಿಯಲ್ಲಿ ಇಂಜಿನ್ ಇರುವುದೇ ನಮ್ಮ ಕೆಳಗೆ. ಬಿಸಿ, ಸದ್ದು, ವಾಸನೆ ಎಲ್ಲ ಮೊದಲು ತಲುಪುವುದು ಡ್ರೈವರ್‌ಗೆ. ಮುಂದೆ ಬಾನೆಟ್ ಇರುವ ಗಾಡಿಯವರಿಗೆ ಈ ಭಾಗ್ಯ ಇಲ್ಲ.

ನಮ್ಮದು 796 ಸಿಸಿಯ, ಮೂರು ಸಿಲಿಂಡರಿನ ಹಳೇ ಓಮ್ನಿ. ಹಿಂದಿನ ಸೀಟು ಕಿತ್ತು ನರ್ಸರಿ ಕೆಲಸಕ್ಕೇ ಇಟ್ಟುಕೊಂಡಿದ್ದೇನೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕಾಳುಮೆಣಸಿನ ಬಳ್ಳಿಗೆ ಸುಳ್ಯದ ಅಡಿಕೆ ತೋಟದವರಿಂದ ಒಂದೇ ಸಮನೆ ಫೋನು. ತೊಟ್ಟೆ (ಪ್ಲಾಸ್ಟಿಕ್ ಚೀಲ) ಸಮೇತ ಗಿಡ ತುಂಬಿಕೊಂಡು ಇಳಿಯುವುದು, ವಾಪಸ್ ಬರುವಾಗ ತೆಂಗಿನ ನಾರಿನ ಪುಡಿಯ ಮೂಟೆ ಹೇರಿಕೊಂಡು ಹತ್ತುವುದು.

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಹೋಗಿ ಬಂದರೆ ಕೂಲೆಂಟಿನ ರಿಸರ್ವ್ ಡಬ್ಬದ ನೀರು ಗೆರೆ ಬಿಟ್ಟು ಕದಲುತ್ತಿರಲಿಲ್ಲ. ಘಾಟಿ ಹತ್ತಿ ಬಂದ ಮಾರನೆ ಬೆಳಿಗ್ಗೆ ಮಾತ್ರ ಡಬ್ಬ ಖಾಲಿ. ಗಾಡಿಯನ್ನು ಕಾಫಿ ಕಣದ ಸಿಮೆಂಟಿನ ಮೇಲೆ ನಿಲ್ಲಿಸಿ ಅಡಿಗೆ ಪೇಪರ್ ಹಾಸಿದೆ. ಒಂದು ಹನಿಯೂ ಇಲ್ಲ. (ಜೂನ್ ಆದ ಮೇಲೆ ಕೊಡಗಿನಲ್ಲಿ ಈ ಪರೀಕ್ಷೆಯೇ ನಡೆಯುವುದಿಲ್ಲ, ಗಾಡಿಯಡಿ ಒಣನೆಲ ಇದ್ದರೆ ತಾನೆ.) ಕಣದಲ್ಲಿ ನಾಯಿಗಳನ್ನು ಕಟ್ಟಿಹಾಕಿದ್ದೆ. ಕೂಲೆಂಟ್ ಸಿಹಿ ಅಂತ ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ, ಸ್ವಲ್ಪ ಸಾಕು.

ಪೇಟೆಯ ಒಂದು ಗ್ಯಾರೇಜಿನಲ್ಲಿ ಗಾಡಿಯ ಸೀಟು ಕೂಡ ಎತ್ತಿ ನೋಡದೆ "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಇಂಜಿನ್ ಬಿಚ್ಚಬೇಕು" ಅಂದುಬಿಟ್ಟರು. ನೆಲದಲ್ಲಿ ಹನಿ ಇಲ್ಲ ಅಂದರೆ ನೀರು ಒಳಗೇ ಹೋಗುತ್ತಿದೆ ಅನ್ನುವುದು ಅವರ ಲೆಕ್ಕ. ಆದರೆ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನಡಿ ನೀರು, ಆಯಿಲ್ ಬೆರೆಯದಂತೆ ತಡೆಯುವ ಪದರ) ಹೋದರೆ ಸಾಮಾನ್ಯವಾಗಿ ಬೇರೆ ಕುರುಹೂ ಕಾಣಿಸುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಬುಳುಬುಳು ಗುಳ್ಳೆಯೂ ಏಳಲಿಲ್ಲ.

ನಮ್ಮವರದ್ದು ಇನ್ನೊಂದು ಸಲಹೆ: "ದಾರಿಯಲ್ಲಿ ಬೇಕಾದಷ್ಟು ತೊರೆ ಉಂಟಲ್ಲ, ಹೊಯ್ದುಕೊಂಡು ಬಾ." ತುರ್ತಿಗೆ ಸರಿ. ದಿನಾ ಅದನ್ನೇ ಹೊಯ್ದರೆ ಕೂಲೆಂಟ್ ತೆಳುವಾಗಿ ಒಳಗೆ ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ಹೆಡ್ ಸವೆಯುತ್ತದೆ. ಕುದಿಯುವ ಮಟ್ಟವೂ ಇಳಿಯುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಇಂಜಿನ್ ನೀರು ಅಷ್ಟಕ್ಕೆ ಕುದಿಯದಂತೆ ತಡೆಯುವುದು ಮುಚ್ಚಳ ಹಿಡಿದಿಟ್ಟ ಪ್ರೆಷರ್. ಬಿಸಿಯಿದ್ದಾಗ ಮುಚ್ಚಳ ತಿರುಗಿಸಿದರೆ ಮುಖಕ್ಕೆ ಹಾರುವುದೂ ಅದೇ.

ಪ್ರೆಷರ್ ಅನ್ನುವಾಗಲೇ ನನಗೆ ದಾರಿ ಹೊಳೆದದ್ದು. ಪ್ರೆಷರ್ ಏರಿದಾಗ ಮಾತ್ರ ಸೋರುವುದಾದರೆ ನಿಂತ ಗಾಡಿಯಲ್ಲೇ ಪ್ರೆಷರ್ ಕೊಟ್ಟು ನೋಡಬೇಕು. ಸಿದ್ದಾಪುರ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಪ್ರೆಷರ್ ತೋರಿಸುವ ಮುಳ್ಳಿನ ಕೈಪಂಪ್ ಇತ್ತು. ರೇಡಿಯೇಟರ್ ಬಾಯಿಗೆ ಮುಚ್ಚಳದ ಬದಲು ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿದ್ದ 0.9ರ ತನಕ ಒತ್ತಿದರು. ಮುಳ್ಳು ಒಂದು ಕ್ಷಣ ನಿಂತು ಆಮೇಲೆ ಮೆಲ್ಲಗೆ ಹಿಂದೆ ಸರಿಯತೊಡಗಿತು. "ಟಾರ್ಚ್ ಹಿಡೀರಿ ಅಕ್ಕ, ಮಾತಾಡ್ಬೇಡಿ" ಅಂದರು. ಸೀಟು ಎತ್ತಿ, ಕಿವಿ ಕೊಟ್ಟು ಕೂತೆವು. ಸ್ಸ್ ಅನ್ನುವ ಸಣ್ಣ ಸದ್ದು. ಇಂಜಿನ್ ಕಡೆಯ ಹೋಸ್ ತುದಿಯಲ್ಲಿ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಕೂದಲಿನಷ್ಟು ಸಣ್ಣ ಸೀಳು. ಅಲ್ಲಿಂದ ಹಸಿರು ನೀರು ಮಂಜಿನಂತೆ ಚಿಮ್ಮುತ್ತಿತ್ತು. ಬಿಸಿ ಇಂಜಿನ್ ಮೇಲೆ ಬಿದ್ದದ್ದು ಅಲ್ಲೇ ಆವಿಯಾಗುತ್ತಿದ್ದುದರಿಂದ ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ. ಸುತ್ತ ಬಿಳಿ ಪುಡಿ ಕಟ್ಟಿತ್ತು, ನಾನು ಅದನ್ನು ಧೂಳು ಅಂದುಕೊಂಡಿದ್ದೆ.

ಯಾರೋ ಹಿಂದೆ ಕಿರಿದಾದ ಕ್ಲಿಪ್ ಹಾಕಿ ಸ್ಕ್ರೂ ಪೂರಾ ಬಿಗಿದಿದ್ದರು. ಅದೇ ರಬ್ಬರನ್ನು ಕೊಯ್ದಿತ್ತು. ಇನ್ನೂ ಬಿಗಿ ಮಾಡಿದರೆ ಸೀಳು ದೊಡ್ಡದಾಗುತ್ತದೆ ಅಷ್ಟೇ. ಕೂಲೆಂಟ್ ಬಕೆಟ್ಟಿಗೆ ಇಳಿಸಿ, ಪೈಪಿನ ಬಾಯಿಯ ತುಕ್ಕನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಹೊಸ ಹೋಸ್, ಅಗಲದ ಕ್ಲಿಪ್ ಹಾಕಿದೆವು. ಕ್ಲಿಪ್ ಪೈಪಿನ ಉಬ್ಬಿನ ಹಿಂದೆ ಕೂರಬೇಕು, ಮೇಲಲ್ಲ. ಮುಚ್ಚಳದ ರಬ್ಬರೂ ಗಟ್ಟಿಯಾಗಿತ್ತು, ಅದನ್ನೂ ಬದಲಾಯಿಸಿದೆವು.

ನಿಜವಾದ ಕಿರಿಕಿರಿ ಗಾಳಿ ತೆಗೆಯುವುದು. ರೇಡಿಯೇಟರ್ ಮುಂದೆ, ಇಂಜಿನ್ ಹಿಂದೆ, ನಡುವೆ ಉದ್ದದ ದಾರಿ. ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ಡಬ್ಬ ತುಂಬಿದ್ದರೂ ಇಂಜಿನ್ ಬಿಸಿಯೇರುತ್ತದೆ. ಗೇಟಿನ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ಹೊಯ್ದೆವು. ಮುಚ್ಚಳ ತೆಗೆದೇ ಇಂಜಿನ್ ಓಡಿಸಿ, ಹೋಸ್ ಹಿಸುಕುತ್ತಾ, ಗುಳ್ಳೆ ನಿಲ್ಲುವ ತನಕ ಕಾದದ್ದು. ಅಷ್ಟರಲ್ಲಿ ಎರಡು ಸಲ ಕಾಫಿ ಆಯಿತು.

ಲೋಡ್ ಸಮೇತ ಘಾಟಿ ಹತ್ತಿಸಿ ಮಾರನೆ ಬೆಳಿಗ್ಗೆ ನೋಡಿದೆ, ನೀರು ಗೆರೆಯಲ್ಲೇ ಇತ್ತು. ಕೂಲಿ ಎಷ್ಟು ಅಂತ ಕೇಳಲು ಫೋನ್ ಮಾಡಿದರೆ, "ದುಡ್ಡು ಇರಲಿ ಅಕ್ಕ, ಮನೆ ಹಿಂದಿನ ಸಿಲ್ವರ್ ಓಕಿಗೆ ಹಬ್ಬಿಸಲಿಕ್ಕೆ ಪಣ್ಣಿಯೂರು ಮೆಣಸಿನ ಬಳ್ಳಿ ಕೊಡಿ, ಬೇರು ಚೆನ್ನಾಗಿ ಬಂದಿರೋದೇ ಬೇಕು" ಅಂದರು.