ಊಫಾ: ರೊಕ್ಕ ಯಾರ್ದೋ, ಪಿಕ್ಚರ್ ಯಾರ್ದೋ

ನಮ್ಮ ಹುಬ್ಬಳ್ಳ್ಯಾಗ ಹಳೇ ಪಿಕ್ಚರ್ ಮಾತು ಬಂತಂದ್ರ ಹಿರ್ಯಾರು ದೇವಿಕಾ ರಾಣಿ, ಬಾಂಬೆ ಟಾಕೀಸ್ ಅಂತ ಶುರು ಹಚ್ಕೋತಾರ, ಆದ್ರ ಆಕಿ ಕೆಲಸ ಕಲ್ತಿದ್ದು ಬರ್ಲಿನ್ನಿನ ಊಫಾ ಅನ್ನೋ ಪಿಕ್ಚರ್ ಕಂಪನ್ಯಾಗ ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. ಆ ಕಂಪನಿ ಬಗ್ಗೆ ಓದಾಕ ಕುಂತ್ರ ಪಿಕ್ಚರಿಗಿಂತ ರೊಕ್ಕದ ಕತೀನ ಜೋರೈತಿ ನೋಡ್ರಿ.

ಮೊದಲನೇ ಮಹಾಯುದ್ಧ ಇನ್ನೂ ನಡದಿತ್ತು, 1917ರ ಡಿಸೆಂಬರ್. ವೈರಿಗಳು ಪಿಕ್ಚರ್ ತೋರ್ಸಿ ಮಂದಿ ತಲಿ ಕೆಡಸಾಕತ್ತಾರ, ನಮ್ಮದೂ ಒಂದು ಇರ್ಲಿ ಅಂತ ಜರ್ಮನ್ ಸೇನೆಯ ಜನರಲ್ ಲೂಡೆನ್‌ಡಾರ್ಫ್ ಪಟ್ಟು ಹಿಡಿದು ಮಾಡ್ಸಿದ್ದು ಇದು. ಬಂಡವಾಳ 2.5 ಕೋಟಿ ಮಾರ್ಕ್, ಸರ್ಕಾರದ್ದೂ ಇತ್ತು, ಡಾಯ್ಚೆ ಬ್ಯಾಂಕೂ ಕೈ ಹಾಕಿತ್ತು. ವರ್ಷ ತುಂಬೂದ್ರಾಗ ಜರ್ಮನಿ ಸೋತು ಅಲ್ಲಿನ ಚಕ್ರವರ್ತಿ ಕೈಸರ್ ಓಡಿ ಹೋದ, ಪ್ರಚಾರ ಯಾರಿಗೆ ಮಾಡೂದು? ಸರ್ಕಾರದ ಶೇರನ್ನ ಬ್ಯಾಂಕ್ ತಗೊಂಡು ಧಂದೆ ನಡೆಸಾಕ ನಿಂತಿತು.

1921ರಾಗ ಡೆಕ್ಲಾ-ಬಯೋಸ್ಕೋಪ್ ಕಂಪನಿ ಬಂದು ಸೇರ್ತು, ಜೊತಿಗೆ ನಿರ್ಮಾಪಕ ಎರಿಕ್ ಪೊಮ್ಮರ್, ಬರ್ಲಿನ್ ಹತ್ರದ ಬಾಬೆಲ್ಸ್‌ಬರ್ಗ್ ಸ್ಟುಡಿಯೋ, ಡೈರೆಕ್ಟರ್ ಫ್ರಿಟ್ಸ್ ಲಾಂಗ್ ಎಲ್ಲಾ ಬಂದ್ರು. ಆ ಲಾಂಗ್ ಮಾಡಿದ್ದ ‘ಮೆಟ್ರೊಪೊಲಿಸ್’ ಅಂತೂ 50 ಲಕ್ಷ ಮಾರ್ಕಿಗಿಂತ ಜಾಸ್ತಿ ತಿಂತು, ಅದು ಮುಗಿಯೋಕಿಂತ ಮೊದ್ಲ, 1925ರ ಕೊನಿಗೆ, ಕಂಪನಿ ಹಾಲಿವುಡ್ಡಿನ ಪ್ಯಾರಾಮೌಂಟ್ ಮತ್ತ ಎಂಜಿಎಂ ಹತ್ರ 40 ಲಕ್ಷ ಡಾಲರ್ ಸಾಲ ಎತ್ತಿತ್ತು, ಬದಲಿಗೆ ತಮ್ಮ ಥೇಟರ್‌ನಾಗ ಅವರ ಪಿಕ್ಚರ್ ಓಡ್ಸಬೇಕು. 1927ರ ಜನವರಿಗೆ ಪಿಕ್ಚರ್ ಬಂತು, ರೊಕ್ಕ ಬರ್ಲಿಲ್ಲ. ಅದೇ ವರ್ಷ ಹೂಗೆನ್‌ಬರ್ಗ್ ಅನ್ನೋ ಪೇಪರ್ ಮಾಲಕ, ಕಟ್ಟಾ ರಾಷ್ಟ್ರವಾದಿ, ಕಂಪನೀನ ಕೊಂಡ್ಕೊಂಡ. ಸಾಲಗಾರನ ಮನಿ ಹರಾಜಿಗೆ ಬಂದ್ರ ಊರ ಸಾವ್ಕಾರನ ಬರಬೇಕಲ್ಲ!

ಇದೇ ಹೊತ್ತಿಗೆ ದೇವಿಕಾ ರಾಣಿ ಗಂಡ ಆಗಲಿದ್ದ ನಿರ್ಮಾಪಕ ಹಿಮಾಂಶು ರಾಯ್ ಊಫಾ ಜೊತಿ ಸೇರಿ ಇಂಡಿಯಾದಾಗ ಶೂಟ್ ಮಾಡಿದ್ದು ‘ಶಿರಾಜ್’ ಮತ್ತ ‘ಪ್ರಪಂಚ ಪಾಶ್’, ಡೈರೆಕ್ಟರ್ ಮ್ಯೂನಿಕ್‌ನ ಫ್ರಾಂಜ್ ಆಸ್ಟೆನ್. ದೇವಿಕಾ ರಾಣಿ ಮತ್ತ ರಾಯ್ 1934ಕ್ಕ ಮುಂಬೈನ ಮಲಾಡ್‌ದಾಗ ಬಾಂಬೆ ಟಾಕೀಸ್ ಕಟ್ಟಿದಾಗ ಆಸ್ಟೆನ್, ಕ್ಯಾಮೆರಾದ ಯೋಸೆಫ್ ವಿರ್ಶಿಂಗ್ ಅಲ್ಲೇ ಬಂದ್ರು. ನನ್ನ ಕೇಳಿದ್ರ ಆ ಸಾಲದಾಗ ಮುಳುಗಿದ್ದ ಕಂಪನಿಯಿಂದ ನಮಗ ಸಿಕ್ಕಿದ್ದು ಇದ, ಲೈಟಿಂಗ್, ಶಿಸ್ತು, ಸ್ಟುಡಿಯೋ ನಡೆಸೋ ರೀತಿ.

ಅತ್ತ ಬರ್ಲಿನ್ನಿನ್ಯಾಗ ಹಿಟ್ಲರ್ ಅಧಿಕಾರಕ್ಕ ಬಂದಿದ್ದ, 1933ರ ಮಾರ್ಚ್ 29ಕ್ಕ ಊಫಾ ಬೋರ್ಡು ಮೀಟಿಂಗ್ ಮಾಡಿ ಯಹೂದಿ ಕೆಲಸಗಾರರನ್ನ ತಗದು ಹಾಕಾಕ ನಿರ್ಧಾರ ಮಾಡ್ತು. ಹಂಗ ಮಾಡ್ರಿ ಅಂತ ಕಾನೂನೇನೂ ಇರ್ಲಿಲ್ಲ, ಇವರ ಮುಂದ್ ಬಿದ್ದು ಮಾಡಿದ್ದು. ಪೊಮ್ಮರೂ ಹೋದ, ಲಾಂಗ್ ಕೂಡ ದೇಶ ಬಿಟ್ಟ. 1937ಕ್ಕ ಸರ್ಕಾರ ಕಂಪನೀನ ಕೊಂಡ್ತು, 1942ರ ಹೊತ್ತಿಗೆ ಜರ್ಮನಿಯ ಇಡೀ ಪಿಕ್ಚರ್ ಧಂದೆ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಕೈಯಾಗ.

ಯುದ್ಧ ಮುಗಿದ ಮ್ಯಾಲ ಬಾಬೆಲ್ಸ್‌ಬರ್ಗ್ ರಷ್ಯನ್ನರ ಪಾಲಾಗಿ 1946ಕ್ಕ ಅಲ್ಲಿ ಡೆಫಾ ಅಂತ ಬ್ಯಾರೇ ಕಂಪನಿ ಎದ್ದಿತು, ಊಫಾ ಹೆಸರು ಪಶ್ಚಿಮ ಜರ್ಮನಿಯಾಗ ಉಳಿದು 1964ಕ್ಕ ಬರ್ಟೆಲ್ಸ್‌ಮನ್ ಅನ್ನೋ ಪ್ರಕಾಶನ ಕಂಪನಿ ಕೈಗೆ ಹೋತು. ಈಗ ಮುಖ್ಯವಾಗಿ ಟಿವಿ ಕೆಲಸ ಮಾಡ್ತೈತಿ, 1992ಕ್ಕ ಶುರು ಆಗಿದ್ದ, ದಿನಾ ಬರೋ ಒಂದು ಸೀರಿಯಲ್ ಇನ್ನೂ ಮುಗಿದಿಲ್ಲ, ಶೂಟಿಂಗೂ ಬಾಬೆಲ್ಸ್‌ಬರ್ಗ್‌ನಾಗ. ನಮ್ಮವ್ವಗ ಇದ್ನ ಹೇಳಿದೆ, ಅಕ್ಕೀ ಆರಿಸ್ಕೋತ "ಅವರ ಸೊಸಿನೂ ಅಳ್ತಾಳೇನು?" ಅಂದ್ಲು.