ಹೊಡೆಯೋ ಗಂಡನಿಗೆ ಕಾಯಿಲೆ ಇದೆಯಾ ಅಂತ ಕೇಳೋರಿಗೆ

ನಾನು ದಾವಣಗೆರೆಲಿ ಡಿಗ್ರಿ ಹುಡುಗ್ರಿಗೆ ಸೈಕಾಲಜಿ ಪಾಠ ಮಾಡ್ತೀನಿ ಅಂತ ಗೊತ್ತಾದ್ರೆ ಜನ ಏನೇನೋ ಕೇಳ್ತಾರೆ, ಮಗ ಓದಲ್ಲ, ಅತ್ತೆಗೆ ಮರೆವು, ಹಿಂಗೆ. ಆದ್ರೆ ಒಂದು ಪ್ರಶ್ನೆ ಮಾತ್ರ ಯಾವಾಗ್ಲೂ ಪಿಸುಮಾತಲ್ಲೇ ಬರುತ್ತೆ. "ಮೇಡಂ, ನಮ್ಮನೆಯವ್ರಿಗೆ ಏನಾದ್ರೂ ಮೆಂಟಲ್ ಪ್ರಾಬ್ಲಂ ಇರಬಹುದಾ? ಸಿಟ್ಟು ಬಂದ್ರೆ ಕೈ ಮಾಡ್ತಾರೆ, ಆಮೇಲೆ ಚಿಕ್ಕ ಮಗು ಥರ ಅಳ್ತಾರೆ." ಮದ್ವೆ ಮನೇಲಿ ಕೈ ತೊಳೆಯೋ ಜಾಗದಲ್ಲಿ, ಟೈಲರ್ ಅಂಗಡಿಲಿ ಬ್ಲೌಸ್ ಅಳತೆ ಕೊಡೋವಾಗ, ಹಿಂಗೆ ಅರ್ಧ ನಿಮಿಷ ಸಿಕ್ಕಾಗ ಕೇಳಿಬಿಡ್ತಾರೆ. ಕಾಯಿಲೆ ಅಂತಾದ್ರೆ ಅದಕ್ಕೊಂದು ಗುಳಿಗೆ ಇರುತ್ತೆ, ಚಿಗಟೇರಿ ಆಸ್ಪತ್ರೆಗೋ ಬಾಪೂಜಿಗೋ ಕರ್ಕೊಂಡು ಹೋಗಿ ತೋರಿಸಿದ್ರೆ ಸರಿ ಹೋಗ್ತಾರೆ ಅನ್ನೋ ಆಸೆ ಅವ್ರಿಗೆ. ಆ ಆಸೆ ನಂಗೆ ಚೆನ್ನಾಗಿ ಅರ್ಥ ಆಗುತ್ತೆ, ಆದ್ರೆ ನಿಂತ ಕಾಲಲ್ಲಿ ಉತ್ತರ ಕೊಡೋಕೆ ಆಗಲ್ಲ, ಅದಕ್ಕೇ ಕೂತು ಬರೀತಿದೀನಿ.

ಇದೇನು ಎಲ್ಲೋ ಒಂದೆರಡು ಮನೆ ಕಥೆ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಕೇಂದ್ರ ಸರ್ಕಾರ ಮಾಡಿಸುತ್ತಲ್ಲ, ಅದರ ಐದನೇ ಸುತ್ತು 2019-21ರಲ್ಲಿ ಆಯ್ತು. ಗಂಡನಿಂದ ಹಿಂಸೆ ಅನುಭವಿಸಿದೀನಿ ಅಂತ ಹೇಳಿದ ಮದ್ವೆಯಾದ ಹೆಣ್ಮಕ್ಕಳು ದೇಶದಲ್ಲಿ ಶೇ. 29.3, ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸುತ್ತಲ್ಲಿ ನಮ್ದು ಶೇ. 20.6 ಇತ್ತು. ಹಿಂಸೆನೇ ಡಬಲ್ ಆಯ್ತೋ ಹೇಳ್ಕೊಳ್ಳೋರು ಜಾಸ್ತಿ ಆದ್ರೋ, ಎರಡೂ ಇರಬಹುದು. ಆದ್ರೆ ಅದೇ ಸಮೀಕ್ಷೆಲಿ ಇಂಥಿಂಥ ಕಾರಣಕ್ಕೆ ಗಂಡ ಹೊಡೆದ್ರೆ ತಪ್ಪಿಲ್ಲ ಅಂದ ನಮ್ಮ ರಾಜ್ಯದ ಹೆಂಗಸರು ಶೇ. 76.9 ಅಂತ ಓದಿದಾಗ ನಂಗೆ ಹೊಟ್ಟೆಲಿ ಸಂಕಟ ಆಯ್ತು, ಯಾಕಂದ್ರೆ ನಾನು ದಿನಾ ಮಾತಾಡಿಸೋ ಹೆಂಗಸರೇ ಅವ್ರು.

ಇನ್ನು ಪ್ರಶ್ನೆಗೆ ಬರ್ತೀನಿ. ಮೊದ್ಲು ಒಂದು ಹಳೇ ವಿಷಯ ಹೇಳ್ಬೇಕು. 1964ರಲ್ಲಿ ಅಮೆರಿಕದ ಮೂರು ಜನ ಮನೋವೈದ್ಯರು ಹೆಂಡ್ತಿಗೆ ಹೊಡೆಯೋರ ಮೇಲೆ ಒಂದು ಲೇಖನ ಬರೆದ್ರು, ಅದರಲ್ಲಿ ಅವ್ರು ವಿಶ್ಲೇಷಣೆ ಮಾಡಿದ್ದು ಯಾರನ್ನ ಗೊತ್ತಾ, ಹೊಡೆತ ತಿಂದ ಹೆಂಡ್ತೀರನ್ನ! ಅವಳು ಗಡಸು, ಗಂಡನನ್ನ ಆಳ್ತಾಳೆ, ಒಳಗೊಳಗೇ ಶಿಕ್ಷೆ ಬೇಕು ಅನ್ಸುತ್ತೆ ಅವಳಿಗೆ, ಹಿಂಗೆ. ನಮ್ಮ ಕಡೆ ಪಂಚಾಯ್ತಿ ಕೂತಾಗ ಹಿರೇರು ಮೊದ್ಲು ಕೇಳೋದೂ ಇದೇ ಅಲ್ವಾ, "ನೀನೇನು ಅಂದ್ಯವ್ವಾ ಅವನಿಗೆ? ಸುಮ್ಮ್ ಸುಮ್ಮನೆ ಯಾಕೆ ಹೊಡೀತಾನೆ?" ಅಂತ. 1986ರಲ್ಲಿ ಹಾಟಲಿಂಗ್ ಮತ್ತು ಶುಗರ್‌ಮನ್ ಅನ್ನೋರು 52 ಅಧ್ಯಯನಗಳನ್ನ ಒಟ್ಟಿಗೆ ಇಟ್ಕೊಂಡು ನೋಡಿದ್ರು, ಹೆಂಡ್ತಿ ಕಡೆಯ ನಲವತ್ತು ಚಿಲ್ರೆ ಅಂಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಒಂದೇ ಒಂದು, ಅದೂ ಅವಳ ಗುಣ ಅಲ್ಲ, ಚಿಕ್ಕೋಳಿದ್ದಾಗ ಅವಳ ಮನೇಲೂ ಅಪ್ಪ ಅಮ್ಮನ ನಡುವೆ ಹೊಡೆದಾಟ ನೋಡಿದ್ಳು ಅನ್ನೋದು. ಗಂಡಸರ ಕಡೆ ಮಾತ್ರ ಹಲವು ಅಂಶಗಳು ಗಟ್ಟಿಯಾಗಿ ನಿಂತ್ವು. ಈ ಒಂದು ಸಂಗತಿ ನಮ್ಮ ಪಂಚಾಯ್ತಿ ಹಿರೇರಿಗೆ ಗೊತ್ತಾದ್ರೆ ಸಾಕು, ಎಷ್ಟೋ ಹೆಣ್ಮಕ್ಕಳ ಜೀವ ಹಗುರ ಆಗುತ್ತೆ.

ಹಂಗಾದ್ರೆ ಹೊಡೆಯೋ ಗಂಡಸಿನ ಸ್ವಭಾವ ಎಂಥದ್ದು? 1994ರಲ್ಲಿ ಹೋಲ್ಟ್ಸ್‌ವರ್ಥ್-ಮನ್ರೋ ಮತ್ತು ಸ್ಟುವರ್ಟ್ ಅನ್ನೋ ಇಬ್ರು ಸಂಶೋಧಕರು ಅಲ್ಲಿವರೆಗಿನ ಕೆಲಸ ಎಲ್ಲಾ ಓದಿ, ಇವ್ರೆಲ್ಲಾ ಒಂದೇ ಥರ ಇಲ್ಲ, ಮೂರು ಬಗೆ ಇದ್ದಾರೆ ಅಂದ್ರು. ಮೊದಲನೆಯವ್ರು ಮನೇಲಿ ಮಾತ್ರ ಕೈ ಮಾಡೋರು, ಅಂದಾಜು ಅರ್ಧ ಜನ ಇವರೇ, ಇವರಲ್ಲಿ ದೊಡ್ಡ ಮಾನಸಿಕ ತೊಂದರೆ ಅಂತ ಏನೂ ಕಾಣಲ್ಲ. ಇನ್ನೊಂದು ಕಾಲು ಭಾಗ ಜನ ಒಳಗೆ ಕುದೀತಾ ಇರೋರು, ಮನಸ್ಸು ಒಂದು ಕಡೆ ನಿಲ್ಲಲ್ಲ, ಹೆಂಡ್ತಿ ಬಿಟ್ಟು ಹೋಗ್ತಾಳೆ ಅನ್ನೋ ಭಯ, ವಿಪರೀತ ಸಂಶಯ. ಉಳಿದ ಕಾಲು ಭಾಗ ಮನೆ ಒಳಗೂ ಹೊರಗೂ ಜಗಳಗಂಟರು, ಇನ್ನೊಬ್ರ ನೋವು ಇವ್ರಿಗೆ ತಟ್ಟೋದೇ ಇಲ್ಲ. ನೋಡ್ರಿ, ಅರ್ಧದಷ್ಟು ಜನಕ್ಕೆ ಹೆಸರಿಡೋ ಅಂಥ ಕಾಯಿಲೆನೇ ಕಾಣದೇ ಇದ್ದಾಗ, ಕಾಯಿಲೆ ಇದೆಯಾ ಅನ್ನೋ ಪ್ರಶ್ನೆ ನಮ್ಮನ್ನ ದೂರ ಕರ್ಕೊಂಡು ಹೋಗಲ್ಲ.

ಎರಡನೇ ಗುಂಪಿನ ಬಗ್ಗೆ ಕೆನಡಾದ ಡೊನಾಲ್ಡ್ ಡಟ್ಟನ್ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಚಿಕ್ಕವರಿದ್ದಾಗ ಅಪ್ಪನ ಕೈಲಿ ಏಟು ತಿಂದಿದ್ದಷ್ಟೇ ಅಲ್ಲ, ಅವಮಾನ ಅನುಭವಿಸಿದೋರು ಇವರಲ್ಲಿ ತುಂಬಾ ಜನ ಅಂತ ಅವ್ರು ಕಂಡ್ಕೊಂಡ್ರು. ಹೆಂಡ್ತಿ ಎರಡು ದಿನ ತವರಿಗೆ ಹೋಗ್ತೀನಿ ಅಂದ್ರೂ ಇವ್ರಿಗೆ ಎದೆ ಒಡೆಯುತ್ತೆ, ಆದ್ರೆ ಅದು ಭಯದ ರೂಪದಲ್ಲಿ ಆಚೆ ಬರಲ್ಲ, ಸಿಟ್ಟಿನ ರೂಪದಲ್ಲೇ ಬರುತ್ತೆ. ಅಮ್ಮಂದಿರು "ಪಾಪ, ಅವನಿಗೆ ಅವಳ ಮೇಲೆ ಪ್ರೀತಿ ಜಾಸ್ತಿ" ಅಂತಾರಲ್ಲ, ಅದು ಇದನ್ನೇ. ಅವನ ಬಾಲ್ಯ ಕೇಳಿದ್ರೆ ನಂಗೂ ಕರುಳು ಚುರುಕ್ ಅನ್ನುತ್ತೆ, ಆದ್ರೆ ಆ ಋಣ ತೀರಿಸೋಕೆ ಅವನ ಹೆಂಡ್ತಿ ಮೈ ಯಾಕೆ ಬೇಕು?

ನ್ಯೂಜಿಲೆಂಡಿನ ಡ್ಯುನೆಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನ ಇವತ್ತಿಗೂ ಫಾಲೋ ಮಾಡ್ತಿದಾರೆ. ಹರೆಯದಲ್ಲೇ ಬೇಗ ಕೆರಳೋ, ಎಲ್ಲರೂ ನಂಗೆ ಮೋಸ ಮಾಡ್ತಾರೆ ಅಂದ್ಕೊಳ್ಳೋ ಸ್ವಭಾವದೋರು ಮುಂದೆ ಸಂಗಾತಿ ಮೇಲೆ ಕೈ ಮಾಡೋ ಸಾಧ್ಯತೆ ಜಾಸ್ತಿ ಅಂತ ಅಲ್ಲಿ ಕಂಡುಬಂತು, ಹುಡುಗ್ರಲ್ಲೂ ಹುಡುಗೀರಲ್ಲೂ. ಹೌದು, ಹೆಂಗಸರೂ ಹೊಡೀತಾರೆ, ನಾನು ಮುಚ್ಚಿಡಲ್ಲ. ಆದ್ರೆ ಮೂಳೆ ಮುರ್ಕೊಂಡು ಬರೋರು, ಜೀವಭಯದಲ್ಲಿ ಬದುಕೋರು ಬಹುಪಾಲು ಹೆಂಗಸರೇ. ಮತ್ತೆ ಸಾಧ್ಯತೆ ಜಾಸ್ತಿ ಅಂದ್ರೆ ಹಣೆಬರಹ ಅಂತ ಅಲ್ಲ, ಅಂಥಾ ಸ್ವಭಾವ ಇದ್ದೂ ಯಾರಿಗೂ ಒಂದೇಟು ಹಾಕದೇ ಬದುಕೋರು ಬೇಕಾದಷ್ಟು ಜನ ಇದ್ದಾರೆ.

ನಂಗೆ ಪರಿಚಯದ ಒಬ್ಬ ಅಕ್ಕ, ಗುರುತು ಸಿಗೋ ಹಂಗೆ ಏನೂ ಬರೆಯಲ್ಲ. ರಾತ್ರಿ ಹೊಡೆತ ಆದ್ರೆ ಬೆಳಗ್ಗೆ ಗಂಡ ತಾನೇ ಎದ್ದು ಹೋಗಿ ಬೆಣ್ಣೆದೋಸೆ ಪಾರ್ಸಲ್ ತರ್ತಿದ್ದ. ಬಾಳೆಲೆ ಬಿಚ್ಚಿ, ದೋಸೆ ಮೇಲೆ ಆಲೂಗಡ್ಡೆ ಪಲ್ಯ ಹಾಕಿ, ಚಟ್ನಿ ಸುರಿದು ಕೈಗೆ ಕೊಡ್ತಿದ್ದ. ತುಟಿ ಒಡೆದಿರೋದ್ರಿಂದ ಚಟ್ನಿ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತೆ, ಅವನು ಎದುರಿಗೆ ಕೂತು "ಇನ್ನೂ ಸಿಟ್ಟಾ? ತಂದುಕೊಟ್ರೂ ಮುಖ ಊದಿಸ್ಕೊಂಡಿದೀಯಲ್ಲ" ಅಂತಿದ್ದ. ಇದನ್ನ ಹೇಳೋವಾಗ ಅವ್ರು ಅಳಲಿಲ್ಲ, ಪಲ್ಲು ಅಂಚಿನ ದಾರ ಎಳೀತಾ ಇದ್ರು ಅಷ್ಟೇ. ಲೆನೋರ್ ವಾಕರ್ ಅನ್ನೋ ಮನಶ್ಶಾಸ್ತ್ರಜ್ಞೆ 1979ರಲ್ಲೇ ಇದನ್ನ ಬರೆದಿದಾರೆ, ಮನೇಲಿ ಬಿಗುವು ಏರುತ್ತೆ, ಏಟು ಬೀಳುತ್ತೆ, ಆಮೇಲೆ ಕ್ಷಮೆ ಪ್ರೀತಿ ಉಡುಗೊರೆ, ಮತ್ತೆ ಬಿಗುವು. ಎಲ್ಲಾ ಮನೇಲೂ ಹಿಂಗೇ ನಡೆಯಲ್ಲ, ಕೆಲವು ಕಡೆ ಕ್ಷಮೆ ಅನ್ನೋ ಹಂತಾನೇ ಇರಲ್ಲ. ಆದ್ರೆ ಆ ದೋಸೆ ದಿನಗಳೇ ಆ ಅಕ್ಕನ್ನ ವರ್ಷಾನುಗಟ್ಟಲೆ ಅಲ್ಲೇ ಇರಿಸಿದ್ದು.

ಕುಡಿತದ ಬಗ್ಗೆ ಜಾಸ್ತಿ ಬರೆಯಲ್ಲ. ಕುಡಿತ ಇದ್ರೆ ಹೊಡೆತ ಜಾಸ್ತಿ, ಗಾಯ ಜೋರು, ಇದು ನಿಜ. ಆದ್ರೆ ಕುಡಿದೋನು ಎಪಿಎಂಸಿಲಿ ಸಾಹುಕಾರ ಬೈದ್ರೆ ತಲೆ ತಗ್ಗಿಸಿ ನಿಲ್ತಾನೆ, ದಾರಿಲಿ ಪೊಲೀಸ್ರಿಗೆ ಸಾರ್ ಸಾರ್ ಅಂತಾನೆ. ಬಾಟ್ಲಿ ಮುಟ್ಟದೇ ಇರೋ ನಮ್ಮೂರ ಎಂಸಿಸಿ ಬಿ ಬ್ಲಾಕ್ ಬಡಾವಣೆಯ ದೊಡ್ಡ ಮನೆಗಳಲ್ಲೂ ಇದು ನಡೆಯುತ್ತೆ, ಅಲ್ಲಿ ಕಾಂಪೌಂಡ್ ಎತ್ತರ, ಕೇಳಿಸಲ್ಲ ಅಷ್ಟೇ.

ನನ್ನ ಪ್ರಕಾರ ಕೇಳ್ಬೇಕಾದ ಪ್ರಶ್ನೆ ಬೇರೆ. ಮೈಕಲ್ ಜಾನ್ಸನ್ ಅನ್ನೋ ಸಮಾಜಶಾಸ್ತ್ರಜ್ಞ 1995ರಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ತೋರಿಸಿದ್ರು: ಜಗಳ ಏರಿ ಕೈ ಮಿಲಾಯ್ಸೋದು ಒಂದು, ಇನ್ನೊಬ್ಬರ ಇಡೀ ಬದುಕನ್ನ ಮುಷ್ಟಿಲಿ ಇಟ್ಕೊಳ್ಳೋಕೆ ಹಿಂಸೆ ಬಳಸೋದು ಇನ್ನೊಂದು. ಎರಡನೆಯದರಲ್ಲಿ ಏಟು ಅಪರೂಪಕ್ಕೆ ಬೀಳಬಹುದು, ಹೆದರಿಕೆ ಮಾತ್ರ ದಿನಾ. ಅವಳ ಫೋನ್ ಯಾರ ಕೈಲಿದೆ? ತವರಿಗೆ ಫೋನ್ ಮಾಡೋವಾಗ ಸ್ಪೀಕರ್ ಹಾಕ್ಬೇಕಾ? ಸಂಬಳ ಬಂದ ದಿನ ಎಟಿಎಂ ಕಾರ್ಡ್ ಎಲ್ಲಿ ಹೋಗುತ್ತೆ? ಗೆಳತೀರು ಮನೆಗೆ ಬರೋದು ಯಾವಾಗಿಂದ ನಿಂತೋಯ್ತು? ನಾನು ಮೇಲೆ ಹೇಳಿದ ಸಮೀಕ್ಷೆಲೂ ಈ ಥರದ್ದು ಕೇಳ್ತಾರೆ, ಗಂಡ ಸಂಶಯ ಪಡ್ತಾನಾ, ದುಡ್ಡಿನ ವಿಷಯದಲ್ಲಿ ನಂಬ್ತಾನಾ, ಎಲ್ಲಿದೀಯ ಅಂತ ಸದಾ ಲೆಕ್ಕ ಕೇಳ್ತಾನಾ ಅಂತ. ಪೇಪರಲ್ಲಿ ಸುದ್ದಿ ಆಗೋದು ಮಾತ್ರ ಏಟಿನ ಶೇಕಡಾವಾರು.

ಈ ವ್ಯತ್ಯಾಸ ಜೀವದ ಪ್ರಶ್ನೆ ಯಾಕೆ ಅಂದ್ರೆ, ಅಮೆರಿಕದ 11 ನಗರಗಳಲ್ಲಿ ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಹೆಂಗಸರ ಬಗ್ಗೆ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಜೊತೆಯವ್ರು ಮಾಡಿದ ಅಧ್ಯಯನ 2003ರಲ್ಲಿ ಬಂತು. ಹತೋಟಿಲಿ ಇಟ್ಕೊಳ್ಳೋ ಗಂಡಸನ್ನ ಬಿಟ್ಟು ಬಂದಾಗ ಕೊಲೆಯ ಅಪಾಯ ಒಂಬತ್ತು ಪಟ್ಟು ಏರುತ್ತೆ ಅಂತ ಅದರಲ್ಲಿ ಸಿಕ್ತು. 2008ರ ಇನ್ನೊಂದು ಅಧ್ಯಯನದಲ್ಲಿ, ಹಿಂದೆ ಒಂದ್ಸಲ ಕತ್ತು ಹಿಸುಕಿದ್ರೆ ಮುಂದೆ ಕೊಲೆಯ ಅಪಾಯ ಏಳು ಪಟ್ಟು. ದಯವಿಟ್ಟು ಇದನ್ನ ಓದಿ ದಾಟಿ ಹೋಗಬೇಡಿ. "ಬರೀ ಕತ್ತು ಹಿಡಿದ, ಹೊಡೀಲಿಲ್ಲ" ಅಂತ ಹೆಣ್ಮಕ್ಕಳು ಹೇಳೋದು ನಾನು ಕೇಳಿದೀನಿ, ಗಾಯ ಕಾಣಲ್ಲ ಅಂತ ಮನೆಯವ್ರೂ ಸುಮ್ಮನಾಗ್ತಾರೆ. ಮೂರೂ ಬಗೆಯ ಗಂಡಸರಿಗೆ ಒಂದೇ ಪಂಚಾಯ್ತಿ, ಒಂದೇ ಬುದ್ಧಿಮಾತು, "ಇನ್ಮೇಲೆ ಹಿಂಗ್ ಮಾಡಬ್ಯಾಡಪ್ಪ, ನೀನೂ ಅಡ್ಜಸ್ಟ್ ಮಾಡ್ಕೋ ತಾಯಿ" ಅಂತ ಮಡಿಲಿಗೆ ಅಕ್ಕಿ ತುಂಬಿ ವಾಪಸ್ ಕಳಿಸೋದು, ಕೆಲವು ಮನೆಗಳಿಗೆ ಅದು ಸಾವಿನ ದಾರಿ.

ಅವನು ಬದಲಾಗ್ತಾನಾ ಅಂತ ಕೇಳೋರಿಗೆ: ಕೆಲವರು ಆಗ್ತಾರೆ. ಅಮೆರಿಕದ ಡುಲುತ್ ಊರಲ್ಲಿ 1980ರ ದಶಕದಲ್ಲಿ ಶುರುವಾದ ಮಾದರಿಯ, ಹೊಡೆಯೋ ಗಂಡಸರನ್ನ ತಿದ್ದೋ ತರಬೇತಿ ಗುಂಪುಗಳು ತುಂಬಾ ಕಡೆ ಹಬ್ಬಿವೆ, ಆದ್ರೆ 2004ರಲ್ಲಿ 22 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಇಂಥ ಗುಂಪುಗಳ ಪರಿಣಾಮ ಸಣ್ಣದು ಅಂತಲೇ ಬಂತು. ಅವನು ಕೌನ್ಸೆಲಿಂಗಿಗೆ ಹೋಗ್ಲಿ, ಖಂಡಿತ ಹೋಗ್ಲಿ, ಆದ್ರೆ ಅವನು ಸರಿಯಾಗೋವರೆಗೂ ನೀವು ಅದೇ ಕೋಣೇಲಿ ಕಾಯಬೇಕಾಗಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ದೂರು ಕೊಡೋಕೆ ಎಫ್‌ಐಆರ್ ಬೇಕಿಲ್ಲ, ನಮ್ಮ ರಾಜ್ಯದಲ್ಲಿ ನಿಮ್ಮ ತಾಲೂಕಿನ ಸಿಡಿಪಿಓನೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಈ ಕಾಯ್ದೆಯ ಸಂರಕ್ಷಣಾಧಿಕಾರಿ, ದುಡ್ಡು ಕಿತ್ಕೊಳ್ಳೋದು, ಬೈಯ್ಯೋದು, ಹೆದರಿಸೋದು ಎಲ್ಲಾನೂ ಆ ಕಾಯ್ದೆ ಹಿಂಸೆ ಅಂತಲೇ ಲೆಕ್ಕ ಹಾಕುತ್ತೆ, ಮನೆ ನಿಮ್ಮ ಹೆಸರಲ್ಲಿ ಇಲ್ದಿದ್ರೂ ಅಲ್ಲಿ ಇರೋ ಹಕ್ಕು ನಿಮಗಿದೆ. ಕ್ರಿಮಿನಲ್ ಕೇಸ್ ಬೇಕಂದ್ರೆ ಗಂಡ, ಗಂಡನ ಮನೆಯವ್ರ ಕ್ರೌರ್ಯಕ್ಕೆ ಇದ್ದ ಹಳೇ ಐಪಿಸಿ 498ಎ ಈಗ 2024ರ ಜುಲೈಯಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 85. ಸಹಾಯವಾಣಿ 181, ತುರ್ತಿಗೆ 112. ಬಿಟ್ಟು ಬರೋ ಯೋಚನೆ ಇದ್ರೆ ಜಗಳದ ಮಧ್ಯೆ "ನಾನು ಹೋಗ್ತೀನಿ" ಅಂತ ಅವನಿಗೆ ಹೇಳಬೇಡಿ, ಮೊದ್ಲು ಸಖಿ ಕೇಂದ್ರದೋರ (ಹಿಂಸೆಗೆ ಸಿಕ್ಕ ಹೆಣ್ಮಕ್ಕಳಿಗೆ ಸಹಾಯ ಮಾಡೋ ಸರ್ಕಾರಿ ಕೇಂದ್ರ) ಹತ್ರ ಮಾತಾಡಿ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಟಿಸಿ, ಪಾಸ್‌ಬುಕ್, ಒಡವೆ ರಸೀದಿ, ಎಲ್ಲದರ ಜೆರಾಕ್ಸ್ ನಂಬಿಕಸ್ಥರ ಮನೇಲಿ ಇಡಿ, ತವರಲ್ಲೇ ಇಡ್ಬೇಕು ಅಂತಿಲ್ಲ, ಯಾಕಂದ್ರೆ ಅವನು ಮೊದ್ಲು ಹುಡುಕ್ಕೊಂಡು ಹೋಗೋದು ಅಲ್ಲಿಗೇ.