ಸಭಾಂಗಣ, ಹಾಸಿಗೆ, ವಿಮಾನ

2010ರ ಆಗಸ್ಟ್‌ನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮಾವೇಶ ಮೊದಲ ಬಾರಿಗೆ ಭಾರತಕ್ಕೆ ಬಂದಾಗ ಅದು ನಡೆದದ್ದು ಹೈದರಾಬಾದಿನಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಸೇರಿ, ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪ್ರದಾನ ಮಾಡುವ ಸಭೆ ಅದು. ವಿಶ್ವನಾಥನ್ ಆನಂದ್ ಏಕಕಾಲಕ್ಕೆ ನಲವತ್ತು ಗಣಿತಜ್ಞರೊಡನೆ ಚೆಸ್ ಆಡಿದ್ದೂ ಅಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯಿರುವ ಬೆಂಗಳೂರನ್ನು ಬಿಟ್ಟು ಅಲ್ಲೇಕೆ ಎಂದು ಆಗ ನನಗೆ ತುಸು ಹೊಟ್ಟೆಕಿಚ್ಚಾಗಿತ್ತು.

ಮುಂದೆ ಆ ಸಮಾವೇಶ ನಡೆದ ಎಚ್‌ಐಸಿಸಿ ಎಂಬ ಸಮ್ಮೇಳನ ಭವನವನ್ನು ಕಣ್ಣಾರೆ ಕಂಡಾಗ ಆ ಹೊಟ್ಟೆಕಿಚ್ಚು ಅಡಗಿತು. 2006ರಲ್ಲಿ ಆರಂಭವಾದ ಆ ಕಟ್ಟಡದಲ್ಲಿ ಸುಮಾರು ಐದು ಸಾವಿರ ಜನ ಕೂರಬಹುದಾದ, ನಡುವೆ ಕಂಬಗಳಿಲ್ಲದ ಸಭಾಂಗಣವಿದೆ. ಅದಕ್ಕೆ ತಾಗಿಕೊಂಡೇ ಹೋಟೆಲ್ ಇದೆ. ರಾತ್ರಿ ಉಪನ್ಯಾಸದ ಸ್ಲೈಡುಗಳನ್ನು ತಿದ್ದಿ ಮಲಗಿದವರು ಬೆಳಿಗ್ಗೆ ತಿಂಡಿ ಮುಗಿಸಿ ನಡೆದೇ ವೇದಿಕೆ ತಲುಪಬಹುದು.

ಇಂಥ ಸಭೆಗಳ ಲೆಕ್ಕವಿಡುವ ಐಸಿಸಿಎ ಎಂಬ ಅಂತರರಾಷ್ಟ್ರೀಯ ಸಂಘವು ಕನಿಷ್ಠ ಐವತ್ತು ಮಂದಿ ಸೇರುವ, ನಿಯತವಾಗಿ ನಡೆಯುವ, ಕನಿಷ್ಠ ಮೂರು ದೇಶಗಳಲ್ಲಿ ಸರದಿಯಂತೆ ಸುತ್ತುವ ಸಮ್ಮೇಳನಗಳನ್ನಷ್ಟೇ ಪರಿಗಣಿಸುತ್ತದೆ. ಸುತ್ತುವ ಸಭೆ ತಾನಾಗಿ ಒಂದು ಊರಿಗೆ ಬಂದು ಇಳಿಯುವುದಿಲ್ಲ. ಆ ಊರಿನ ಯಾರಾದರೂ ಪ್ರಾಧ್ಯಾಪಕರೋ ವೈದ್ಯರೋ ವರ್ಷಗಳ ಮೊದಲೇ ತಮ್ಮ ಸಂಘದ ಮುಂದೆ ನಿಂತು ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆಯಬೇಕು. ಹಾಗೆ ಕರೆಯಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಕರೆದ ಮೇಲೆ ಎಲ್ಲಿ ಕೂರಿಸುವುದೆಂಬುದೇ ನಮ್ಮ ತೊಡಕು. ಊರಿನ ಹೆಮ್ಮೆಯ ಟೆಕ್ ಸಮಿಟ್ ಕೂಡ ಹಲವು ವರ್ಷ ನಡೆದದ್ದು ಅರಮನೆ ಮೈದಾನದಲ್ಲಿ. ಲಗ್ನದ ದಿನಗಳಲ್ಲಿ ಅಲ್ಲಿ ಮದುವೆಯ ಚಪ್ಪರಗಳದ್ದೇ ದರ್ಬಾರು.

ತುಮಕೂರು ರಸ್ತೆಯ ಮಾದಾವರದಲ್ಲಿ ಬಿಐಇಸಿ ಎಂಬ ದೊಡ್ಡ ವಸ್ತುಪ್ರದರ್ಶನ ಕೇಂದ್ರ ಇದೆ, ನಿಜ. ಕೆಲವು ವರ್ಷಗಳ ಹಿಂದೆ ಅಲ್ಲಿಯ ಒಂದು ಸಭೆಗೆ ವಿದೇಶಿ ಅತಿಥಿಯೊಬ್ಬರನ್ನು ಎಂ.ಜಿ. ರಸ್ತೆಯ ಹೋಟೆಲಿನಿಂದ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮೂರನೆಯ ಸಲ ಕೆಂಪು ದೀಪ ಹತ್ತಿದಾಗ ಅವರು ಗಡಿಯಾರ ನೋಡುವುದನ್ನು ಬಿಟ್ಟು, ಲಾರಿಗಳ ಹಿಂದೆ ಬರೆದದ್ದರ ಅರ್ಥವನ್ನು ಕೇಳತೊಡಗಿದರು. ನಾವು ತಲುಪುವಷ್ಟರಲ್ಲಿ ಉದ್ಘಾಟನೆ ಮುಗಿದಿತ್ತು.

ಹೆಚ್ಚು ಸಮ್ಮೇಳನ ನಡೆಯುವ ಊರುಗಳ ಪಟ್ಟಿಗಳಲ್ಲಿ ವಿಯೆನ್ನಾ ಸದಾ ಮೇಲಿರುವುದಕ್ಕೆ ಅದರ ಅರಮನೆಗಳನ್ನೂ ಸಂಗೀತವನ್ನೂ ಕಾರಣವಾಗಿ ಹೇಳುವವರಿದ್ದಾರೆ. ನನಗೆ ಮುಖ್ಯವೆನಿಸುವುದು ಯು1 ಮೆಟ್ರೊ: ಹಳೆಯ ಊರಿನ ನಡುಮಧ್ಯದ ಸ್ಟೀಫನ್ಸ್‌ಪ್ಲಾಟ್ಜ್‌ನಲ್ಲಿ ಹತ್ತಿದವರು ಸುಮಾರು ಹತ್ತು ನಿಮಿಷದಲ್ಲಿ ಆಸ್ಟ್ರಿಯಾ ಸೆಂಟರ್ ಸಮ್ಮೇಳನ ಭವನದ ಪಕ್ಕದ ನಿಲ್ದಾಣದಲ್ಲಿ ಇಳಿಯುತ್ತಾರೆ.

2024ರ ನವೆಂಬರ್‌ನಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗವೂ ಮಾದಾವರ ಮುಟ್ಟಿತು. ಎಂ.ಜಿ. ರಸ್ತೆಯಲ್ಲಿ ತಂಗಿದ ಅತಿಥಿ ಈಗ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಬಿಐಇಸಿಯ ಹತ್ತಿರವೇ ಇಳಿಯಬಹುದು. ದೇವನಹಳ್ಳಿಯಲ್ಲಿ ವಿಮಾನ ಇಳಿದು ಬರುವವರಿಗೆ ಮಾತ್ರ ಇನ್ನೂ ಹೆಬ್ಬಾಳದ ದಾರಿಯೇ ಗತಿ.